ಡಾಂಬರಿನ ಬಣ್ಣದ ಚಂದಿರ

ಚಂದ್ರನ ಬಣ್ಣ ಯಾವುದು ಅಂತ ಯಾರನ್ನಾದರೂ ಕೇಳಿ ನೋಡ್ರಿ. ಬಿಳಿ ಅಂತಾರೆ, ಹಾಲಿನ ಬಣ್ಣ ಅಂತಾರೆ, ಬೆಳ್ಳಿ ಅಂತಾರೆ. ಬಾಲವಾಡಿಯಿಂದ ಇಲ್ಲಿಯವರೆಗೆ ನಾವೆಲ್ಲ ಬಿಡಿಸಿದ ಚಂದ್ರನೂ ಅಂಥದ್ದೇ. ಸುತ್ತ ಕಪ್ಪು ಆಕಾಶ, ನಡುವೆ ಬಣ್ಣ ಹಚ್ಚದೆ ಬಿಟ್ಟ ಹಾಳೆ. ಆದರೆ ಅಳತೆ ಮಾಡಿದವರು ಹೇಳುವ ಸಂಖ್ಯೆ ಬೇರೆ. ಚಂದ್ರನ ಮೇಲೆ ಬೀಳುವ ಬೆಳಕಿನಲ್ಲಿ ಅದು ವಾಪಸ್ ಕಳಿಸುವುದು ಸರಾಸರಿ 12 ಪ್ರತಿಶತ ಮಾತ್ರ. ಸಿವಿಲ್ ಬ್ರಾಂಚಿನವರಿಗೆ ಈ ಸಂಖ್ಯೆ ಎಲ್ಲೋ ನೋಡಿದಂತೆ ಅನ್ನಿಸಬಹುದು. ಒಂದಷ್ಟು ವರ್ಷ ಬಿಸಿಲು ಮಳೆ ತಿಂದು ಮಾಸಿದ ಡಾಂಬರು ರಸ್ತೆಯೂ ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು ಹಿಂದಿರುಗಿಸುತ್ತದೆ. ಅಂದರೆ ಕಾಲೇಜಿನ ಗೇಟಿನ ಮುಂದಿನ ಹಳೆ ಟಾರ್ ರೋಡನ್ನು ಚಾಪೆಯಂತೆ ಸುತ್ತಿ ಒಯ್ದು ಆಕಾಶದಲ್ಲಿ ತೂಗುಹಾಕಿ, ಅದರ ಮೇಲೆ ಬಿಸಿಲು ಬೀಳುವಂತೆ ಮಾಡಿದರೆ, ಅದೂ ಹುಣ್ಣಿಮೆಯಂತೆಯೇ ಹೊಳೆಯುತ್ತದೆ. ಸುತ್ತ ಕತ್ತಲಿದೆ ಅನ್ನುವ ಕಾರಣಕ್ಕೆ ನಮ್ಮ ಕಣ್ಣು ಆ ಬೂದು ಬಣ್ಣವನ್ನು ಬಿಳಿ ಅಂತ ಓದಿಕೊಳ್ಳುತ್ತದೆ.

ಇದನ್ನು ಯಾಕೆ ಹೇಳ್ತಿದ್ದೀನಂದ್ರೆ, ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಎಲ್ಲರ ಬಾಯಲ್ಲೂ ಬಂದ ಚಂದ್ರನ ಚಿತ್ರ ಕ್ಯಾನ್ವಾಸಿನ ಮೇಲೆ ಇರಲಿಲ್ಲ. ಅದು ಬೆಂಗಳೂರಿನ ಒಂದು ಹಾಳಾದ ರಸ್ತೆಯ ಮೇಲಿತ್ತು.

ಗುಂಡಿ ಚಂದ್ರನಾದದ್ದು

ಬಾದಲ್ ನಂಜುಂಡಸ್ವಾಮಿ ಮೈಸೂರಿನ ಕುಕ್ಕರಹಳ್ಳಿಯವರು. ಅಲ್ಲಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. ಬೆಂಗಳೂರಿಗೆ ಬಂದು ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು, ಬೀದಿಯನ್ನೇ ಹಾಳೆ ಮಾಡಿಕೊಂಡರು. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ದೊಡ್ಡ ಗುಂಡಿಯೊಂದಕ್ಕೆ ಮೊಸಳೆಯ ಮೂರ್ತಿ ತಂದು ಬಿಟ್ಟಾಗ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

2019ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಾ? ಚಂದ್ರಯಾನ-2 ಚಂದ್ರನ ಸುತ್ತ ತಿರುಗುತ್ತಿತ್ತು. ಸೆಪ್ಟೆಂಬರ್ 2ರಂದು ವಿಕ್ರಮ್ ಲ್ಯಾಂಡರ್ ತಾಯಿನೌಕೆಯಿಂದ ಬೇರೆಯಾಯಿತು. 7ರ ನಸುಕಿನಲ್ಲಿ ಅದು ಇಳಿಯಬೇಕಿತ್ತು, ದೇಶಕ್ಕೆ ದೇಶವೇ ಉಸಿರು ಹಿಡಿದು ಕೂತಿತ್ತು. ಅದೇ ಹೊತ್ತಿಗೆ ಬಾದಲ್ ಒಂದು ನಿಮಿಷದ ಆಸುಪಾಸಿನ ವಿಡಿಯೋ ಹರಿಬಿಟ್ಟರು. ಕತ್ತಲು. ಬೂದು ನೆಲ. ನೆಲದ ತುಂಬ ಕುಳಿಗಳು. ಬಿಳಿ ಉಡುಪಿನ ಗಗನಯಾತ್ರಿಯೊಬ್ಬ ತೂಕವೇ ಇಲ್ಲದವನಂತೆ ನಿಧಾನಕ್ಕೆ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತ ಬರುತ್ತಾನೆ. ಒಂದಷ್ಟು ಕ್ಷಣ ನಾವು ನಿಜಕ್ಕೂ ಚಂದ್ರನ ಮೇಲಿದ್ದೇವೆ. ಆಮೇಲೆ ಅವನ ಪಕ್ಕದಲ್ಲೇ ಆಟೋ ಒಂದು ಹಾದುಹೋಗುತ್ತದೆ!

ಆ ನೆಲ ಮಾಗಡಿ ರಸ್ತೆ ಕಡೆಯ ಹೇರೋಹಳ್ಳಿ ಬಳಿಯ ತುಂಗಾನಗರ ಮುಖ್ಯರಸ್ತೆ. ಗಗನಯಾತ್ರಿ ನಟ ಪೂರ್ಣಚಂದ್ರ ಮೈಸೂರು. ಹೆಸರಲ್ಲೇ ಹುಣ್ಣಿಮೆ ಇಟ್ಟುಕೊಂಡವರು ಆ ಪಾತ್ರಕ್ಕೆ ಸಿಕ್ಕಿದ್ದು ಕಾಕತಾಳೀಯ ಇರಬಹುದು, ಚೆನ್ನಾಗಿ ಕೂತಿದೆ. ವಿಡಿಯೋ ಊರೂರು ಸುತ್ತಿತು. ಪಾಲಿಕೆಯವರು ಬಂದು ಮರುದಿನವೇ ಆ ರಸ್ತೆಯ ರಿಪೇರಿ ಶುರು ಮಾಡಿದರು.

ನನ್ನ ಮಟ್ಟಿಗೆ ಇದು ಮೊಸಳೆಗಿಂತ ದೊಡ್ಡ ಕೆಲಸ. ಮೊಸಳೆಯನ್ನು ಹೊರಗಿನಿಂದ ತಂದು ಗುಂಡಿಯೊಳಗೆ ಇಡಬೇಕಾಯಿತು. ಚಂದ್ರ ಆ ರಸ್ತೆಯಲ್ಲಿ ಮೊದಲೇ ಇದ್ದ, ಅದನ್ನು ಕಾಣಿಸಿದರೆ ಸಾಕಿತ್ತು. ಕಾಣಿಸಿದ್ದು ಹೇಗೆ ಅನ್ನೋದು ನಮ್ಮಂಥ ಲೆಕ್ಕದ ಮಂದಿಗೆ ಆಸಕ್ತಿಯ ವಿಷಯ.

ಬಣ್ಣದ ಮಾತು ಆಗಲೇ ಆಯಿತು. ಮಾಸಿದ ಡಾಂಬರು, ಧೂಳು ಮತ್ತು ಚಂದ್ರನ ನೆಲ ಒಂದೇ ಕುಟುಂಬದ ಬೂದು. ಎರಡನೆಯದು ನೆರಳು. 10 ಸೆಂಟಿಮೀಟರ್ ಎತ್ತರದ ಅಂಚಿರುವ ಒಂದು ಗುಂಡಿ ತಗೊಳ್ರಿ. ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದಾಗ ಆ ಅಂಚಿನ ನೆರಳು 6 ಸೆಂಟಿಮೀಟರ್ ಕೂಡ ಆಗುವುದಿಲ್ಲ. ಗುಂಡಿ ಬರೀ ಕೊಳಕು ಕಲೆಯಂತೆ ಕಾಣುತ್ತದೆ, ಬೈಕಿನವನಿಗೆ ಗೊತ್ತಾಗುವುದು ಸೊಂಟ ಉಳುಕಿದ ಮೇಲೆ. ಅದೇ ಬೆಳಕು ನೆಲಕ್ಕೆ 5 ಡಿಗ್ರಿ ಓರೆಯಾಗಿ ಬಂದರೆ? 10 ಅನ್ನು ಟ್ಯಾನ್ 5ರಿಂದ ಭಾಗಿಸಿ. 114 ಸೆಂಟಿಮೀಟರ್. ಅಂಗೈಯಗಲದ ಅಂಚು ಒಂದು ಮೀಟರಿಗೂ ಉದ್ದದ ನೆರಳು ಚೆಲ್ಲುತ್ತದೆ, ಗುಂಡಿಯ ಹೊಟ್ಟೆ ಪೂರ್ತಿ ಕಪ್ಪಾಗುತ್ತದೆ, ಎದುರಿನ ಅಂಚು ಬೆಳಗುತ್ತದೆ. ಅದೇ ಚಂದ್ರನ ಕುಳಿ. ರಾತ್ರಿ ಹೊತ್ತು, ಓರೆ ಬೆಳಕಲ್ಲಿ ಕೆಲಸ ಮಾಡಿದರೆ ರಸ್ತೆ ತಾನಾಗಿಯೇ ಮಾತಾಡುತ್ತದೆ.

ಮೂರನೆಯದು ಪ್ರಮಾಣ. ಚಂದ್ರನ ದಕ್ಷಿಣದಲ್ಲಿ ಟೈಕೋ ಅನ್ನುವ ಪ್ರಸಿದ್ಧ ಕುಳಿ ಇದೆ, ಅಗಲ ಸುಮಾರು 85 ಕಿಲೋಮೀಟರ್, ಆಳ ಐದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹದಿನೆಂಟಕ್ಕೆ ಒಂದು. ಸಣ್ಣ ಕುಳಿಗಳಲ್ಲಿ ಇದು ಐದಕ್ಕೆ ಒಂದರ ಹತ್ತಿರ ಬರುತ್ತದೆ. ಒಂದು ಮೀಟರ್ ಅಗಲದ, 10 ಸೆಂಟಿಮೀಟರ್ ಆಳದ ರಸ್ತೆ ಗುಂಡಿ ಹತ್ತಕ್ಕೆ ಒಂದು, ಎರಡರ ನಡುವೆ ಎಲ್ಲೋ ಬೀಳುತ್ತದೆ. ಪಕ್ಕದಲ್ಲಿ ಗಿಡ, ಕಲ್ಲುಕಂಬ, ಮನುಷ್ಯ ಯಾವುದೂ ಇಲ್ಲದಿದ್ದರೆ ಫೋಟೋ ನೋಡಿ ಕುಳಿಯ ಗಾತ್ರ ಹೇಳಲು ಆಗುವುದೇ ಇಲ್ಲ. ಅಪೋಲೋ ಯಾತ್ರಿಗಳಿಗೇ ಈ ತೊಂದರೆ ಆಗಿತ್ತು. ಅಲ್ಲಿ ಗಾಳಿಯಿಲ್ಲ, ಮಂಜಿಲ್ಲ, ದೂರದ ಗುಡ್ಡ ನೀಲಿಯಾಗಿ ಮಸುಕಾಗುವುದಿಲ್ಲ. ಹಾಗಾಗಿ ಹತ್ತಿರದ್ದು ಯಾವುದು, ದೂರದ್ದು ಯಾವುದು ತಿಳಿಯುತ್ತಿರಲಿಲ್ಲ. ಬಾದಲ್ ಅವರ ವಿಡಿಯೋದಲ್ಲಿ ಗಗನಯಾತ್ರಿಯ ಉಡುಪು ಒಂದು ಪ್ರಮಾಣವನ್ನು ಕೊಡುತ್ತದೆ, ನಾವು ನಂಬುತ್ತೇವೆ. ಆಟೋ ಬಂದು ಇನ್ನೊಂದು ಪ್ರಮಾಣವನ್ನು ಕೊಡುತ್ತದೆ, ಆಗ ನಗು ಬರುತ್ತದೆ. ನಕ್ಕ ಮೇಲೆ, ಈ ದಾರಿಯಲ್ಲಿ ದಿನಾ ಓಡಾಡೋರು ಇದ್ದಾರಲ್ಲ ಅನ್ನೋದು ನೆನಪಾಗುತ್ತದೆ.

ಒಂದು ಮಾತು ಸೇರಿಸಬೇಕು. ಕರ್ನಾಟಕದ ನೆಲದ ಮೇಲೆ ಚಂದ್ರನನ್ನು ಮಾಡಿದವರಲ್ಲಿ ಬಾದಲ್ ಮೊದಲಿಗರೇನಲ್ಲ. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಸಂಸ್ಥೆಯೇ ಕೃತಕ ಕುಳಿಗಳನ್ನು ತೋಡಿಸಿತ್ತು. ಒಂದೊಂದೂ ಸುಮಾರು 10 ಮೀಟರ್ ಅಗಲ, 3 ಮೀಟರ್ ಆಳ. ಲ್ಯಾಂಡರಿನ ಸೆನ್ಸರ್‌ಗಳನ್ನು ವಿಮಾನಕ್ಕೆ ಕಟ್ಟಿ ಆ ಕುಳಿಗಳ ಮೇಲೆ ಹಾರಿಸಿ ಪರೀಕ್ಷೆ ಮಾಡಿದರು. ಇಳಿಯುವಾಗ ಕುಳಿ ಎಲ್ಲಿದೆ, ಸಪಾಟು ಜಾಗ ಎಲ್ಲಿದೆ ಅಂತ ಗುರುತಿಸುವುದು ಅವುಗಳ ಕೆಲಸ. ಚಿತ್ರಕಾರನ ಕಣ್ಣು ಮಾಡುವ ಕೆಲಸವನ್ನೇ ಸರ್ಕ್ಯೂಟ್ ಕೈಯಲ್ಲಿ ಮಾಡಿಸುವುದು. ಒಂದೇ ರಾಜ್ಯದಲ್ಲಿ ಒಂದು ಇಲಾಖೆ ದುಡ್ಡು ಕೊಟ್ಟು ಕುಳಿ ತೋಡಿಸುತ್ತಿದ್ದರೆ, ಇನ್ನೊಂದು ಕಡೆ ಪುಕ್ಕಟೆ ಕುಳಿಗಳು ತುಂಬಿ ತುಳುಕುತ್ತಿದ್ದವು. ಇದರ ಮೇಲೆ ನಾನು ಹೆಚ್ಚಿಗೆ ಹೇಳುವುದಿಲ್ಲ.

ಕಂಡದ್ದು ಒಂದೇ, ಬರೆದದ್ದು ಎರಡು

ಚಂದ್ರನ ಚಿತ್ರ ಅಂದರೆ ನೆರಳಿನ ಚಿತ್ರ ಅನ್ನುವುದು ಮನುಷ್ಯರಿಗೆ ಹೊಳೆದದ್ದು 1609ರಲ್ಲಿ. ಆ ವರ್ಷ ಇಬ್ಬರು ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದರು. ಮೊದಲು ಬರೆದವನು ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್, ಈಗಿನ ಕ್ಯಾಲೆಂಡರ್ ಪ್ರಕಾರ ಆಗಸ್ಟ್ 5ರಂದು. ಆರು ಪಟ್ಟು ದೊಡ್ಡದಾಗಿ ತೋರಿಸುವ ದೂರದರ್ಶಕ. ಅವನ ಚಿತ್ರದಲ್ಲಿ ಇರುವುದು ಬೆಳಕು ಮತ್ತು ಕತ್ತಲಿನ ನಡುವೆ ಅಂಕುಡೊಂಕಾದ ಒಂದು ಗೆರೆ, ಒಂದಷ್ಟು ಗೀಚು. ಆ ಗೆರೆ ಯಾಕೆ ಅಂಕುಡೊಂಕು ಅನ್ನುವ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ.

ನಾಲ್ಕು ತಿಂಗಳಾದ ಮೇಲೆ ಗೆಲಿಲಿಯೋ ನೋಡಿದ. ಅವನ ದೂರದರ್ಶಕ ಹೆಚ್ಚು ಶಕ್ತಿಯದು, ಅದು ನಿಜ. ಆದರೆ ಇನ್ನೂ ಒಂದು ವ್ಯತ್ಯಾಸವಿತ್ತು. ಫ್ಲಾರೆನ್ಸಿನ ಕಡೆಯವನಾದ ಅವನಿಗೆ ಚಿತ್ರಕಾರರ ಸಹವಾಸ ಚೆನ್ನಾಗಿತ್ತು. ಗೋಳದ ಮೇಲೆ, ಉಬ್ಬಿನ ಮೇಲೆ, ತಗ್ಗಿನ ಮೇಲೆ ನೆರಳು ಹೇಗೆ ಬೀಳುತ್ತದೆ ಅನ್ನುವುದು ಅಲ್ಲಿ ಚಿತ್ರ ಕಲಿಯುವವರ ಮೊದಲ ಪಾಠ. ಹಾಗಾಗಿ ಬೆಳಕಿನ ಗೆರೆಯ ಆಚೆ, ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಹೊಳೆಯುವ ಚುಕ್ಕೆ ಕಂಡಾಗ ಅವನಿಗೆ ಅದು ಬೆಟ್ಟದ ತುದಿ ಅಂತ ಹೊಳೆಯಿತು. ಬೆಳಗಿನ ಬಿಸಿಲು ಊರಿಗೆ ಮುಟ್ಟುವ ಮೊದಲು ಗುಡ್ಡದ ನೆತ್ತಿಗೆ ಮುಟ್ಟುತ್ತದಲ್ಲ, ಹಾಗೆ. ಕಂದು ಶಾಯಿಯನ್ನು ನೀರಲ್ಲಿ ತೆಳ್ಳಗೆ ಮಾಡಿ ಕುಂಚದಿಂದ ಬರೆದ ಅವನ ಚಿತ್ರಗಳು ಇವತ್ತಿಗೂ ಇವೆ. ಮುಂದಿನ ವರ್ಷದ ಮಾರ್ಚ್‌ನಲ್ಲಿ ಅವನ ಪುಸ್ತಕ ಬಂತು. ತಮಾಷೆ ಏನಂದ್ರೆ, ಆಮೇಲೆ ಹ್ಯಾರಿಯಟ್ ಮತ್ತೆ ಬರೆದ ಚಂದ್ರನಲ್ಲೂ ಕುಳಿಗಳು ಕಾಣಿಸಿಕೊಂಡವು! ಗೆಲಿಲಿಯೋನ ಗೆಳೆಯ, ಚಿತ್ರಕಾರ ಚಿಗೋಲಿ 1612ರಲ್ಲಿ ರೋಮಿನ ಒಂದು ಚರ್ಚಿನ ಗುಮ್ಮಟದಲ್ಲಿ ಮೇರಿಯ ಕಾಲಡಿಯ ಚಂದ್ರನಿಗೂ ಕುಳಿಗಳನ್ನು ಬರೆದುಬಿಟ್ಟ.

ಗೆಲಿಲಿಯೋ ಚಿತ್ರಕ್ಕೇ ನಿಲ್ಲಲಿಲ್ಲ. ಲೆಕ್ಕವನ್ನೂ ಮಾಡಿದ, ಅದು ಪಿಯುಸಿ ಮಟ್ಟದ್ದು. ಕತ್ತಲಿನ ಗೆರೆಯಿಂದ ಚುಕ್ಕೆಗೆ ಇರುವ ದೂರ ಕೆಲವೊಮ್ಮೆ ಚಂದ್ರನ ವ್ಯಾಸದ ಇಪ್ಪತ್ತನೇ ಒಂದು ಭಾಗ ಇದ್ದದ್ದನ್ನು ಕಂಡ. ಅವನ ಲೆಕ್ಕದಲ್ಲಿ ಚಂದ್ರನ ವ್ಯಾಸ 2000 ಮೈಲಿ, ಹಾಗಾಗಿ ಆ ದೂರ 100 ಮೈಲಿ. ಕತ್ತಲಿನ ಗೆರೆಯ ಹತ್ತಿರ ಸೂರ್ಯಕಿರಣ ಚಂದ್ರನಿಗೆ ಸ್ಪರ್ಶಕ. ಅದು ನೇರ ಮುಂದೆ ಹೋಗಿ 100 ಮೈಲಿಯಾಚೆ ಬೆಟ್ಟದ ತುದಿಗೆ ತಾಗುತ್ತದೆ. ಒಂದು ಬಾಹು 1000, ಇನ್ನೊಂದು 100, ನಡುವೆ ಲಂಬಕೋನ. ಕರ್ಣ 1005ಕ್ಕೆ ಕೂದಲೆಳೆ ಕಡಿಮೆ. ತ್ರಿಜ್ಯ 1000 ಕಳೆದರೆ ಉಳಿದದ್ದು ಬೆಟ್ಟದ ಎತ್ತರ, ನಾಲ್ಕು ಮೈಲಿಗೂ ಹೆಚ್ಚು. ಈಗಿನ ಅಳತೆ ಹಾಕಿ, ತ್ರಿಜ್ಯ 1737 ಕಿಲೋಮೀಟರ್ ಇಟ್ಟು ನೋಡಿದರೆ ಎಂಟೂವರೆ ಕಿಲೋಮೀಟರ್ ಮೀರುತ್ತದೆ. ನಿಜಕ್ಕೂ ಅಲ್ಲಿನ ದೊಡ್ಡ ಬೆಟ್ಟಗಳಲ್ಲಿ ಒಂದಾದ ಹೈಗನ್ಸ್ ಐದೂವರೆ ಕಿಲೋಮೀಟರ್ ಆಸುಪಾಸು. ಅವನ ಉತ್ತರ ಜಾಸ್ತಿಯಾಯಿತು, ಸರಿ. ಆದರೆ ಕೈಯಳತೆಯ ಕೊಳವೆ ಹಿಡಿದು, ಕಾಲಿಡಲಾಗದ ಬೆಟ್ಟವನ್ನು ನೆರಳಿನಿಂದ ಅಳೆದದ್ದು ಸಣ್ಣದಲ್ಲ.

ಇಪ್ಪತ್ತು ವರ್ಷದ ಹುಚ್ಚು

ಚಂದ್ರನ ಹುಚ್ಚು ಹಿಡಿದ ಚಿತ್ರಕಾರ ಅಂದರೆ ನನಗೆ ಮೊದಲು ನೆನಪಾಗುವುದು ಜಾನ್ ರಸೆಲ್. 1745ರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಹುಟ್ಟಿದವರು. ಹೊಟ್ಟೆಪಾಡಿಗೆ ದೊಡ್ಡ ಮನುಷ್ಯರ ಮುಖಚಿತ್ರ ಬರೆಯುತ್ತಿದ್ದರು, ರಾಜ ಮೂರನೇ ಜಾರ್ಜ್‌ನ ಆಸ್ಥಾನದ ಚಿತ್ರಕಾರರೂ ಆಗಿದ್ದರು. ಅವರ ಮಾಧ್ಯಮ ಪ್ಯಾಸ್ಟಲ್, ಅಂದರೆ ಸೀಮೆಸುಣ್ಣದಂಥ ಒಣ ಬಣ್ಣದ ಕಡ್ಡಿ. ಬೆರಳಿನಿಂದ ತಿಕ್ಕಿ ನೆರಳನ್ನು ಕರಗಿಸಬಹುದು, ಕೆನ್ನೆಯ ಮೃದುತನ ತರಲು ಅದಕ್ಕಿಂತ ಒಳ್ಳೆಯದಿಲ್ಲ. ಹರೆಯದಲ್ಲಿ ಗೆಳೆಯನ ಮನೆಯಲ್ಲಿ ದೂರದರ್ಶಕದಿಂದ ಚಂದ್ರನನ್ನು ನೋಡಿದ್ದರು. ಆಗ ಸಿಗುತ್ತಿದ್ದ ನಕ್ಷೆಗಳಲ್ಲಿ ಆ ಕಂಡ ಚೆಲುವು ಇಲ್ಲ ಅನ್ನಿಸಿತು. ಮುಂದೆ ಸುಮಾರು ಇಪ್ಪತ್ತು ವರ್ಷ, ಹಗಲು ಶ್ರೀಮಂತರ ಮುಖ, ರಾತ್ರಿ ಚಂದ್ರನ ಮುಖ.

ಅವರ ವಿಧಾನ ಗಮನಿಸಬೇಕಾದದ್ದು. ಒಂದೇ ಸಲಕ್ಕೆ ಇಡೀ ಚಂದ್ರನನ್ನು ಬರೆಯಲು ಹೋಗಲಿಲ್ಲ. ಒಂದು ರಾತ್ರಿ ಒಂದು ಕುಳಿ, ಇನ್ನೊಂದು ರಾತ್ರಿ ಒಂದು ಬೆಟ್ಟಸಾಲು, ಹೀಗೆ ಪೆನ್ಸಿಲಿನಿಂದ ನೂರಕ್ಕೂ ಹೆಚ್ಚು ಸಣ್ಣ ಸಣ್ಣ ಚಿತ್ರ ಮಾಡಿಕೊಂಡರು. ಕತ್ತಲಿನ ಗೆರೆ ದಿನಾ ಸರಿಯುತ್ತದೆ, ಅದರ ಪಕ್ಕದಲ್ಲಿ ಇರುವಾಗ ಮಾತ್ರ ಒಂದು ಕುಳಿಯ ಆಳ ಕಾಣುತ್ತದೆ. ಎರಡು ದಿನ ಕಳೆದರೆ ಬಿಸಿಲು ಮೇಲೇರಿ ಅದೇ ಕುಳಿ ಮಂಕು. ಮೋಡ ಬಂದು ಆ ರಾತ್ರಿ ತಪ್ಪಿತೋ, ಮುಂದಿನ ತಿಂಗಳವರೆಗೆ ಕಾಯಬೇಕು. ಇಂಗ್ಲೆಂಡಿನ ಆಕಾಶದಲ್ಲಿ ಮೋಡಕ್ಕೇನು ಬರಗಾಲವೇ?

1795ರಲ್ಲಿ ಆ ಎಲ್ಲ ಚೂರುಗಳು ಸೇರಿ ಒಂದು ದೊಡ್ಡ ಪ್ಯಾಸ್ಟಲ್ ಚಿತ್ರವಾಯಿತು. ಐದು ಅಡಿಯಷ್ಟು ಅಗಲ, ಈಗ ಆಕ್ಸ್‌ಫರ್ಡ್‌ನ ವಿಜ್ಞಾನ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿರುವುದು ಹುಣ್ಣಿಮೆಯ ಚಂದ್ರನಲ್ಲ, ಒಂದು ಪಕ್ಕ ಕರಗಿದ ಚಂದ್ರ. ಯಾಕೆಂದು ಈಗ ನಿಮಗೆ ಗೊತ್ತು.

1797ರಲ್ಲಿ ಅವರು ಹೊರತಂದದ್ದು ಚಂದ್ರನ ಗೋಳ, ನಮ್ಮ ಮೆಕ್ಯಾನಿಕಲ್‌ನವರು ನೋಡಬೇಕಾದದ್ದು. ಹಿತ್ತಾಳೆಯ ಗೇರುಗಳ ಮೇಲೆ ಕೂತ ಆ ಗೋಳ ಚಂದ್ರನ ಓಲಾಟವನ್ನು ತೋರಿಸುತ್ತದೆ. ಚಂದ್ರ ನಮಗೆ ಸದಾ ಒಂದೇ ಮುಖ ತೋರಿಸುತ್ತಾನೆ ಅಂತ ಓದಿದ್ದೇವೆ, ಆದರೆ ಅವನು ಸ್ವಲ್ಪ ಆಚೆ ಈಚೆ ತಲೆಯಾಡಿಸುತ್ತಾನೆ. ಆ ಕಾರಣಕ್ಕೆ ಕಾಲಾಂತರದಲ್ಲಿ 59 ಪ್ರತಿಶತದಷ್ಟು ನೆಲ ನಮಗೆ ಕಾಣುತ್ತದೆ. ರಸೆಲ್ ತಮಗೆ ಕಂಡಷ್ಟನ್ನು ಗೋಳದ ಮೇಲೆ ಕೆತ್ತಿಸಿ, ಹಿಂಬದಿಯನ್ನು ಖಾಲಿ ಬಿಟ್ಟರು. ಅಂದಾಜಿನ ಮೇಲೆ ನಾಲ್ಕು ಕುಳಿ ಹಾಕಿದ್ದರೆ ಕೇಳುವವರು ಯಾರೂ ಇರಲಿಲ್ಲ. 1959ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟದ ಲೂನಾ-3 ಫೋಟೋ ಕಳಿಸುವವರೆಗೆ ಆ ಖಾಲಿ ಜಾಗ ತುಂಬಲು ಯಾರ ಹತ್ತಿರವೂ ಏನೂ ಇರಲಿಲ್ಲ.

ಕೊನೆಯ ಕೆಲಸ ಎರಡು ದೊಡ್ಡ ಅಚ್ಚುಚಿತ್ರಗಳು. ಒಂದು 1805ರದು, ಹುಣ್ಣಿಮೆಯ ಸಪಾಟು ಬೆಳಕಿನ ಚಂದ್ರ. ಇನ್ನೊಂದು 1806ರದು, ಅದೇ ವರ್ಷ ರಸೆಲ್ ತೀರಿಕೊಂಡರು. ಅದರಲ್ಲಿ ಇಡೀ ಮುಖದ ಮೇಲೆ ಓರೆ ಬೆಳಕು ಬಿದ್ದು ಪ್ರತಿ ಕುಳಿಯೂ ನೆರಳು ಚೆಲ್ಲಿದೆ. ಅಂಥ ಚಂದ್ರ ಯಾವ ರಾತ್ರಿಯೂ ಉದಯಿಸುವುದಿಲ್ಲ! ಎಲ್ಲ ಕುಳಿಗೂ ಒಟ್ಟಿಗೇ ಬೆಳಗಾಗಲು ಸಾಧ್ಯವಿಲ್ಲ. ಅದು ಕಲ್ಪನೆಯ ಬೆಳಕು, ನೆಲ ಮಾತ್ರ ನಿಜದ್ದು. ಇವತ್ತು ಜಿಐಎಸ್ ಸಾಫ್ಟ್‌ವೇರಿನಲ್ಲಿ ಗುಡ್ಡಗಾಡಿನ ನಕ್ಷೆಗೆ ನೆರಳು ಕೊಡುವಾಗ ನಾವು ಒಂದು ಸುಳ್ಳು ಸೂರ್ಯನನ್ನು ಮೂಲೆಯಲ್ಲಿ ಕೂರಿಸುತ್ತೇವಲ್ಲ, ಅದನ್ನೇ ಅವರು ಕೈಯಲ್ಲಿ ಮಾಡಿದ್ದರು.

ಇವರೆಲ್ಲ ದೂರದಿಂದ ನೋಡಿ ಬರೆದವರು. ಹೋಗಿ ಬಂದು ಬರೆದ ಚಿತ್ರಕಾರನೂ ಒಬ್ಬರಿದ್ದರು. ಅಲನ್ ಬೀನ್, ಅಪೋಲೋ-12ರ ಯಾತ್ರಿ, 1969ರ ನವೆಂಬರ್‌ನಲ್ಲಿ ಚಂದ್ರನ ಮೇಲೆ ನಡೆದ ನಾಲ್ಕನೆಯ ಮನುಷ್ಯ. ಅಲ್ಲಿಗೆ ಒಯ್ದಿದ್ದ ಬಣ್ಣದ ಟಿವಿ ಕ್ಯಾಮೆರಾವನ್ನು ಜಾಗ ಬದಲಿಸುವಾಗ ಅದರ ಮುಖ ಸೂರ್ಯನ ಕಡೆ ತಿರುಗಿತು, ಒಳಗಿನ ಟ್ಯೂಬ್ ಸುಟ್ಟುಹೋಯಿತು, ಭೂಮಿಯಲ್ಲಿ ನೋಡುತ್ತಿದ್ದವರಿಗೆ ನೇರಪ್ರಸಾರ ನಿಂತುಹೋಯಿತು. 1981ರಲ್ಲಿ ನಾಸಾ ಬಿಟ್ಟ ಬೀನ್, 2018ರಲ್ಲಿ ತೀರಿಕೊಳ್ಳುವವರೆಗೆ ಚಂದ್ರನನ್ನೇ ಬರೆದರು. ಚಂದ್ರನಲ್ಲಿ ಬಳಸಿದ ಸುತ್ತಿಗೆಯಿಂದಲೇ ಚಿತ್ರದ ಮೈಗೆ ಗುರುತು ಹಾಕುತ್ತಿದ್ದರು, ಚಂದ್ರನ ಧೂಳು ಮೆತ್ತಿದ್ದ ತಮ್ಮ ಉಡುಪಿನ ಬ್ಯಾಡ್ಜಿನ ಚೂರುಗಳನ್ನು ಬಣ್ಣದಲ್ಲಿ ಸೇರಿಸುತ್ತಿದ್ದರು. ಆದರೆ ಬೂದು ಒಂದರಲ್ಲೇ ಅವರ ಮನಸ್ಸು ನಿಲ್ಲಲಿಲ್ಲ, ನೇರಳೆ, ಹಳದಿ, ಹಸಿರು ಛಾಯೆಗಳನ್ನೂ ತಂದರು. ಬಾಕಿಯವರಿಗೆ ಅಂಥ ಸಲಿಗೆ ಕೊಡಲು ನಾನು ಹಿಂದೆಮುಂದೆ ನೋಡುತ್ತೇನೆ, ಆದರೆ ಅಲ್ಲಿ ನಿಂತು ಬಂದವರಿಗೆ ಏನು ಹೇಳೋದು?

ಕಲ್ಲಿನ ಚಂದ್ರ, ನಮ್ಮೂರ ಚಂದ್ರ

ನಮ್ಮ ನಾಡಿನ ಅತಿ ಹಳೆಯ ಚಂದ್ರರು ಕಲ್ಲಿನ ಮೇಲಿದ್ದಾರೆ. ಕನ್ನಡನಾಡಿನ ಶಾಸನಕಲ್ಲು, ವೀರಗಲ್ಲುಗಳ ನೆತ್ತಿ ನೋಡ್ರಿ, ಬಹಳಷ್ಟರಲ್ಲಿ ಸೂರ್ಯ ಚಂದ್ರ ಇರುತ್ತಾರೆ. ಆಚಂದ್ರಾರ್ಕ, ಅಂದರೆ ಸೂರ್ಯ ಚಂದ್ರ ಇರುವತನಕ ಈ ದಾನ ನಡೆಯಲಿ, ಈ ವೀರನ ಹೆಸರು ಉಳಿಯಲಿ ಅನ್ನುವುದಕ್ಕೆ ಸಾಕ್ಷಿ ಅವರು. ಸೂರ್ಯ ದುಂಡಗೆ, ಚಂದ್ರ ಬಾಗಿದ ಎಳೆ. ಬಣ್ಣವಿಲ್ಲದ ಕಲ್ಲಿನಲ್ಲಿ ಚಂದ್ರನನ್ನೂ ದುಂಡಗೆ ಕೆತ್ತಿದ್ದರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಚಂದ್ರನ ಗುರುತು ಇರುವುದು ಅವನ ಮೇಲೆ ಬಿದ್ದ ಕತ್ತಲಲ್ಲಿ. ಹೆಸರು ಗೊತ್ತಿಲ್ಲದ ಆ ಶಿಲ್ಪಿಗಳು ಇದನ್ನು ದೂರದರ್ಶಕವಿಲ್ಲದೆ ಬಳಸಿಕೊಂಡರು.

ನನ್ನೂರು ಸದಲಗಾ, ಚಿಕ್ಕೋಡಿ ತಾಲೂಕು, ದೂಧಗಂಗಾ ನದಿಯ ದಂಡೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರು ಈ ಪತ್ರಿಕೆ ಓದುತ್ತಿದ್ದರೆ ಮುಂದಿನ ಮಾತು ಅವರಿಗೆ ಬೇಗ ತಿಳಿಯುತ್ತದೆ. ಚಂದ್ರನ ಮೇಲೆ ನಾವು ಮೊಲ ಅನ್ನುವ ಕಪ್ಪು ಕಲೆಗಳಿವೆಯಲ್ಲ, ಅವು ಬಹಳ ಹಿಂದೆ ಲಾವಾ ಹರಿದು ಗಟ್ಟಿಯಾದ ಬಸಾಲ್ಟ್ ಬಯಲುಗಳು. ನಮ್ಮ ಕಡೆ ನೆಲದಡಿ ಇರುವುದೂ ಬಸಾಲ್ಟೇ, ದಖನ್ನಿನ ಲಾವಾ ಹರಿದು ಆದದ್ದು. ಕಬ್ಬು ಬೆಳೆಯುವ ಎರೆಮಣ್ಣು ಆ ಕಲ್ಲು ಸವೆದು ಆದ ಮಣ್ಣು. ರಸ್ತೆಗೆ ಹಾಕುವ ಕಪ್ಪು ಖಡಿಯೂ ಅದೇ ಕಲ್ಲನ್ನು ಒಡೆದದ್ದು. ಕಾರ್ಖಾನೆ ಸೀಜನ್ನಿನಲ್ಲಿ ಎರಡೆರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರ್‌ಗಳ ಕೆಳಗೆ ರಸ್ತೆ ತಗ್ಗು ಬಿದ್ದು ಖಡಿ ಮೇಲೆದ್ದು ಬಂದಾಗ, ಅಲ್ಲಿ ಬಣ್ಣದಲ್ಲೂ ಕಲ್ಲಿನ ಜಾತಿಯಲ್ಲೂ ಚಂದ್ರನಿಗೆ ಹತ್ತಿರದ ನೆಲ ಇರುತ್ತದೆ. ಬಾದಲ್ ಅವರು ನಮ್ಮ ಕಡೆ ಬಂದರೆ ಬೆಂಗಳೂರಿಗಿಂತ ಅಸಲಿ ಮಾಲು ಸಿಗುತ್ತದೆ. ಬೆಂಗಳೂರಿನ ರಸ್ತೆಯ ವಿಡಿಯೋ ಎಲ್ಲರ ಫೋನಿಗೂ ಮುಟ್ಟಿತು, ಮರುದಿನ ಡಾಂಬರೂ ಬಂತು. ತಾಲೂಕಿನ ರಸ್ತೆಯ ತಗ್ಗಿಗೆ ಆ ಭಾಗ್ಯ ಎಲ್ಲಿಯದು?

ಈಗ ನೀವು ಬರೀರಿ

ಎಳೆ ಚಂದ್ರನನ್ನು ಬಹಳ ಮಂದಿ ಎರಡು ವೃತ್ತ ಹಾಕಿ ಬರೆಯುತ್ತಾರೆ, ದೊಡ್ಡ ವೃತ್ತದಿಂದ ಸಣ್ಣದನ್ನು ಕತ್ತರಿಸಿದಂತೆ. ಧ್ವಜಗಳ ಮೇಲೆ ಅದು ಚಂದ, ಆಕಾಶದಲ್ಲಿ ಹಾಗಿರುವುದಿಲ್ಲ. ಚಂದ್ರನ ಎರಡು ಕೋಡಿನ ತುದಿಗಳು ಯಾವಾಗಲೂ ಒಂದು ವ್ಯಾಸದ ಎರಡು ಕೊನೆಗಳು. ಹೊರ ಅಂಚು ಅರ್ಧ ವೃತ್ತ, ಒಳ ಅಂಚು ಅರ್ಧ ದೀರ್ಘವೃತ್ತ. ಮೊದಲ ಸೆಮಿಸ್ಟರಿನ ಇಂಜಿನಿಯರಿಂಗ್ ಡ್ರಾಯಿಂಗ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮಾವಾಸ್ಯೆಯಿಂದ ದಿನಕ್ಕೆ ಸುಮಾರು 12.2 ಡಿಗ್ರಿಯಂತೆ ಚಂದ್ರ ಸೂರ್ಯನಿಂದ ದೂರ ಸರಿಯುತ್ತಾನೆ. ಮೂರು ದಿನಕ್ಕೆ 36.6 ಡಿಗ್ರಿ, ಅದರ ಕೊಸೈನ್ 0.8. ತ್ರಿಜ್ಯ 50 ಮಿಲಿಮೀಟರ್ ಇಟ್ಟರೆ ದೀರ್ಘವೃತ್ತದ ಸಣ್ಣ ಅರ್ಧಾಕ್ಷ 40 ಮಿಲಿಮೀಟರ್. ನಡುವೆ ಉಳಿಯುವ ಬೆಳಕು 10 ಮಿಲಿಮೀಟರ್. ಅಷ್ಟೇ, ತದಿಗೆಯ ಚಂದ್ರ ತಯಾರು.

ಅವನನ್ನು ಇಂಗ್ಲಿಷ್ ಕಥೆಪುಸ್ತಕದ ಚಂದ್ರನಂತೆ ನೆಟ್ಟಗೆ ನಿಲ್ಲಿಸಬೇಡ್ರಿ. ಸದಲಗಾ ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸಂಜೆಯ ಎಳೆ ಚಂದ್ರ ಪಡುವಣದಲ್ಲಿ ಹೆಚ್ಚುಕಡಿಮೆ ಮಲಗಿರುತ್ತಾನೆ, ಹೊಳೆಯಲ್ಲಿ ಬಿಟ್ಟ ನಾವೆಯ ಹಾಗೆ. ಮುಳುಗಿದ ಸೂರ್ಯನ ಕಡೆಗೆ, ಅಂದರೆ ಕೆಳಗೆ, ಬೆಳಕಿನ ಹೊಟ್ಟೆ. ಶಿವನ ಮುಡಿಯ ಚಂದ್ರ ಯಾಕೆ ಹಾಗೆ ಮಲಗಿದ್ದಾನೆ ಅನ್ನೋದಕ್ಕೂ ಇದೇ ಆಕಾಶ ಕಾರಣ ಇರಬೇಕು ಅಂತ ನನ್ನ ಊಹೆ.

ಗಾತ್ರದಲ್ಲೂ ಎಚ್ಚರ ಬೇಕು. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ. ಕೈ ಪೂರ್ತಿ ಚಾಚಿ ಹಿಡಿದರೆ ಕಿರುಬೆರಳಿನ ಅರ್ಧ ಅಗಲಕ್ಕೆ ಅವನು ಮುಚ್ಚಿಹೋಗುತ್ತಾನೆ. ಹುಟ್ಟುವಾಗ ತಾಂಬಾಳದಷ್ಟು ಕಾಣುವುದು ನಮ್ಮ ಮಿದುಳಿನ ಆಟ, ಆಗಲೂ ಬೆರಳು ಹಿಡಿದು ನೋಡಿರಿ.

ಹುಣ್ಣಿಮೆಯನ್ನು ಬರೆಯುವಾಗ ಚೆಂಡಿಗೆ ಕೊಟ್ಟಂತೆ ಅಂಚಿಗೆ ನೆರಳು ಕೊಡಬೇಡ್ರಿ. ಚಂದ್ರನ ನೆಲ ಒರಟು ಧೂಳು. ಸೂರ್ಯ ನಮ್ಮ ಬೆನ್ನ ಹಿಂದೆ ಇರುವಾಗ ಅಲ್ಲಿನ ಪ್ರತಿ ಕಣವೂ ತನ್ನ ನೆರಳನ್ನು ತನ್ನ ಹಿಂದೆಯೇ ಬಚ್ಚಿಟ್ಟುಕೊಳ್ಳುತ್ತದೆ, ಹಾಗಾಗಿ ನಡುವೆಯೂ ಅಂಚೂ ಹೆಚ್ಚುಕಡಿಮೆ ಒಂದೇ ಬೆಳಕು. ಗೋಳ ಹೋಗಿ ತಟ್ಟೆಯಾಗುತ್ತದೆ. ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧ ಇರುತ್ತದೆ ಅಂತ ನೀವು ಅಂದುಕೊಂಡಿದ್ದರೆ, ಅದು ಹತ್ತನೇ ಒಂದು ಭಾಗದಷ್ಟೂ ಕಷ್ಟ. ಬಾಕಿಯದನ್ನು ನೆರಳು ನುಂಗಿರುತ್ತದೆ.

ಫೋನಿನಲ್ಲಿ ಫೋಟೋ ತೆಗೆದು ನೋಡಿ ಬರೆಯುವವರಿಗೆ ಇದು. ಸುಮ್ಮನೆ ಕ್ಲಿಕ್ ಮಾಡಿದರೆ ಬಿಳಿ ಬಲ್ಬ್ ಬರುತ್ತದೆ. ಫೋನು ಸುತ್ತಲಿನ ಕತ್ತಲನ್ನು ನೋಡಿ ಬೆಳಕು ಹೆಚ್ಚಿಸಿರುತ್ತದೆ, ಪಾಪ ಅದಕ್ಕೇನು ಗೊತ್ತು. ನೀವು ತೆಗೆಯುತ್ತಿರುವುದು ಮಟಮಟ ಬಿಸಿಲಲ್ಲಿ ಬಿದ್ದಿರುವ ಡಾಂಬರಿನಂಥ ನೆಲದ ಫೋಟೋ. ಪ್ರೋ ಮೋಡಿಗೆ ಹೋಗಿ ಐಎಸ್‌ಒ 50 ಅಥವಾ 100 ಇಟ್ಟು, ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು ಇಡಿ. ಬೂದು ಬಣ್ಣ, ಮೊಲ, ಎಲ್ಲ ಬರುತ್ತದೆ.

ಸಂಘದ ಮುಂದಿನ ಸಂಚಿಕೆಗೆ ಚಂದ್ರನ ಚಿತ್ರ ಕಳಿಸುವವರು ಹುಣ್ಣಿಮೆಯ ದಿನ ಕೂರಬೇಡಿ, ಸಂಕಷ್ಟಿಯ ರಾತ್ರಿ ಕೂರಿ. ಚಂದ್ರೋದಯದ ಹೊತ್ತು ಕ್ಯಾಲೆಂಡರಿನಲ್ಲಿ ಮನೆಯವರೇ ನೋಡಿ ಇಟ್ಟಿರುತ್ತಾರೆ, ಉಪವಾಸ ಬಿಡಬೇಕಲ್ಲ. ಅಷ್ಟೊತ್ತಿಗೆ ಹುಣ್ಣಿಮೆ ಕಳೆದು ಮೂರು ನಾಲ್ಕು ದಿನ ಆಗಿರುತ್ತದೆ. ಮೂಡಣದಲ್ಲಿ ಅವನು ಮೇಲೆ ಬರುವಾಗ ನೆತ್ತಿಯ ಅಂಚು ಸ್ವಲ್ಪ ಕರಗಿರುತ್ತದೆ. ಬೈನಾಕ್ಯುಲರ್ ಇದ್ದರೆ ಆ ಕರಗಿದ ಅಂಚಿನ ಉದ್ದಕ್ಕೂ ನೋಡ್ತಾ ಹೋಗ್ರಿ. ಅಲ್ಲಿನ ಕುಳಿಗಳಿಗೆ ಸಂಜೆಯಾಗುತ್ತಿರುತ್ತದೆ, ನೆರಳು ಉದ್ದವಾಗಿ ಬಿದ್ದಿರುತ್ತದೆ. 6ಬಿ ಪೆನ್ಸಿಲ್ ಸಾಕು, ರಬ್ಬರ್ ಜೊತೆಗಿರಲಿ. ಮೊದಲು ಇಡೀ ವೃತ್ತಕ್ಕೆ ಹಳೆ ರಸ್ತೆಯ ಬೂದು ಹಚ್ಚಿ, ಆಮೇಲೆ ಬೆಳಕಿದ್ದಲ್ಲಿ ಅಳಿಸುತ್ತ ಬನ್ನಿ.